ಕಿಗ್ಗದವರೆಗೆ ಐದು ಮೀನು

ಆಗಸ್ಟ್ 4, ಭಾನುವಾರ

ಮೀನಿನ ನೀರು ಬದಲಾಯಿಸಿದೆ. ಮೂರರಲ್ಲಿ ಒಂದು ಪಾಲು ಮಾತ್ರ. ಫಿಲ್ಟರಿನ ಸ್ಪಂಜು ತೊಳೆದೆ. ಅಪ್ಪ ಮಂಚದಿಂದಲೇ ನೋಡುತ್ತಿದ್ದರು. ಆಮೇಲೆ ಎಡಗೈ ಬೆರಳು ತೋರಿಸಿ ಒಂದೊಂದೇ ಹೆಸರು — ಎನ್ನಾರ್ ಪುರ... ಕೊಪ್ಪ... ಹರಿಹರಪುರ... ಶೃಂಗೇರಿ... ಕಿಗ್ಗ. ಐದೂ ಬಂತು. ಹರಿಹರಪುರ ಹೇಳುವಾಗ ಬಾಯಿ ಸೊಟ್ಟಗಾಯಿತು. ಆದರೂ ಬಂತು.

ಸ್ಟ್ರೋಕ್ ಆಗಿ ಆರು ತಿಂಗಳು. ಇಪ್ಪತ್ತೆರಡು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದ ಸ್ಟಾಪುಗಳು ಉಳಿದಿವೆ, ಬೇರೆ ಮಾತಿಲ್ಲ. ಹಸಿವಾದರೂ ಕೊಪ್ಪ, ಸೆಕೆಯಾದರೂ ಕೊಪ್ಪ. ಬರುವ ಮಾತನ್ನು ದಿನಾ ಆಡಿಸಿ, ಬಿಟ್ಟರೆ ಅದೂ ಹೋದೀತು ಎಂದಿದ್ದಾರೆ ಡಾಕ್ಟರು. ಅದಕ್ಕೇ ಮೀನು ತಂದು ಸ್ಟಾಪಿನ ಹೆಸರಿಟ್ಟೆ.

ಸಂಜೆ ಪಕ್ಕದ ಮನೆ ಪ್ರೇಮಕ್ಕ ಬಂದಿದ್ದರು. “ಎಂತ ವೀರಮ್ಮಾ, ಲಿಂಗ ಕಟ್ಟಿದೋರ ಮನೇಲಿ ಮೀನು! ಸಾಕೋದಕ್ಕಾ, ಸಾರಿಗಾ?”

ಅಜ್ಜಿ ಬಿಡಲಿಲ್ಲ. “ಸಾರಿಗೆ ನಿನ್ನ ನಾಲಿಗೆ ಸಾಕು ಮಾರಾಯ್ತಿ. ಉದ್ದ ಇದೆ, ಊರಿಗೆಲ್ಲ ಆಗ್ತದೆ.”

ಅಪ್ಪ ನಕ್ಕರು. ಅರ್ಧ ಮುಖದಲ್ಲಿ.

ಆಗಸ್ಟ್ 6, ಮಂಗಳವಾರ, ಬೆಳಿಗ್ಗೆ

ಹರಿಹರಪುರ ಸತ್ತಿದೆ. ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅಪ್ಪ ಏಳುವ ಮೊದಲೇ ತೆಗೆದೆ. ಆದರೂ ಲೆಕ್ಕ ಸಿಕ್ಕಿಬಿಟ್ಟಿತು. ಎನ್ನಾರ್ ಪುರ, ಕೊಪ್ಪ... ನಿಂತರು. ಹುಡುಕಿದರು. ಆಮೇಲೆ ಮುಂದಿನದನ್ನೂ ಹೇಳಲಿಲ್ಲ.

ಆಗಸ್ಟ್ 7

ಕೊಪ್ಪದ ಮೀನಿನ ಅಂಗಡಿ ವಸೀಂ ಅಣ್ಣನಿಗೆ ಫೋನ್. ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡಿದ್ದೆ. ಅವರು ಹಲೋ ಅಂದ ಕೂಡಲೇ ಚೀಟಿ ಕಣ್ಣಿಗೇ ಕಾಣಲಿಲ್ಲ. ಅವರೇ ಕೇಳಿದರು. “ಫುಡ್ ಜಾಸ್ತಿ ಹಾಕ್ತೀರಾ? ನಲ್ಲಿ ನೀರು ಸೀದಾ ಬಿಡ್ತೀರಾ? ಅದರಲ್ಲಿ ಕ್ಲೋರಿನ್ ಇರ್ತದೆ. ಒಂದಿನ ಬಕೆಟಲ್ಲಿಟ್ಟು ಹಾಕಿ.”

ಎಲ್ಲದಕ್ಕೂ ಹೂಂ ಅಂದೆ.

ಆಗಸ್ಟ್ 13, ಮಂಗಳವಾರ

ಇನ್ನೆರಡು ಸತ್ತಿವೆ. ಎನ್ನಾರ್ ಪುರ, ಕೊಪ್ಪ. ಬಕೆಟಿನಲ್ಲಿಟ್ಟ ನೀರೇ ಹಾಕಿದ್ದು. ಫುಡ್ ಚಿಟಿಕೆಯಷ್ಟೇ. ಫಿಲ್ಟರ್ ಓಡುತ್ತಿದೆ. ಉಳಿದೆರಡು ಮೇಲೆ ಬಂದು ಬಾಯಿ ಬಿಡುತ್ತಿವೆ. ಅರ್ಧ ನೀರು ತೆಗೆದು ಹೊಸದು ಹಾಕಿದೆ.

ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಇಡೀ ದಿನ ಒಂದು ಸ್ಟಾಪೂ ಇಲ್ಲ. ಗಂಜಿ ಕುಡಿಸುವಾಗ ಕೊಪ್ಪ ಅಂತಾದರೂ ಅನ್ನುತ್ತಿದ್ದರು...

ಆಗಸ್ಟ್ 15

ಅಂಗಡಿಗೆ ರಜೆ. ವಸೀಂ ಅಣ್ಣ ಬೈಕಿನಲ್ಲಿ ಬಂದೇಬಿಟ್ಟರು. ತೊಟ್ಟಿಗೆ ಮೂಗಿಟ್ಟು ನೋಡಿದರು. ತಳದ ಕಲ್ಲಿಗೆ ಬೂದಿಯಂಥದ್ದು ಅಂಟಿತ್ತು. ಬೆರಳಲ್ಲಿ ಉಜ್ಜಿದರು.

“ಯಾವತ್ತು ಯಾವತ್ತು ಸತ್ತಿದ್ದು?”

ಒಳಗೆ ಹೋಗಿ ಈ ಪುಸ್ತಕ ತೆಗೆದು ನೋಡಿದೆ. ಎರಡು ಸಲವೂ ಮಂಗಳವಾರ. ಬಂದು ಹೇಳಿದೆ.

“ಹಾಗಾದ್ರೆ ಸೋಮವಾರ ಏನೋ ಬಿದ್ದಿದೆ. ಯಾರಾದ್ರೂ ಎಂತಾದ್ರೂ ಹಾಕ್ತೀರಾ ಇದಕ್ಕೆ?”

ನಾನು ಇಲ್ಲ ಅನ್ನುವಷ್ಟರಲ್ಲಿ ಕಾಫಿ ತಂದ ಅಜ್ಜಿ, “ತೀರ್ಥ ಹಾಕ್ತೀನಪ್ಪ” ಅಂದಳು, ಹೆಮ್ಮೆಯಿಂದ. “ಶ್ರಾವಣ ಸೋಮವಾರ ಲಿಂಗಕ್ಕೆ ಹಾಲು ಮೊಸರಿನ ಅಭಿಷೇಕ. ಮಗನಿಗೆ ನೀರು ಕುಡಿದ್ರೆ ನೆತ್ತಿಗೆ ಹತ್ತುತ್ತೆ, ಗಂಜಿ ಮಾತ್ರ ಇಳಿಯೋದು. ಅವನ ಪಾಲಿನ ತೀರ್ಥ ಚೆಲ್ಲೋಕಾಗ್ತದಾ? ಅವನ ಮಾತೆಲ್ಲ ಈ ಮೀನಲ್ಲೇ ಇರೋದಲ್ವಾ, ಅದಕ್ಕೇ ಇವಕ್ಕೆ ಕೊಟ್ಟೆ. ಬೆಳಿಗ್ಗೆ ತಾಮ್ರದ ಚೊಂಬಲ್ಲಿ ತೆಗೆದಿಟ್ಟಿದ್ದು, ಸಂಜೆ ದೀಪ ಹಚ್ಚಿದ ಮೇಲೆ...”

ವಸೀಂ ಅಣ್ಣ ಕಾಫಿ ಕುಡಿದರು. “ಕಾಫಿ ಚೆನ್ನಾಗಿದೆ ಅಜ್ಜಿ” ಅಂದರು. ಅಷ್ಟೇ.

ಗೇಟಿನ ಹತ್ತಿರ ಹೇಳಿದರು. ಮೊಸರಿನ ಹುಳಿಗೆ ತಾಮ್ರ ಬಿಡುತ್ತದೆ. ತಾಮ್ರ ಮೀನಿಗೆ ವಿಷ. ಹಾಲು ಬೇರೆ ನೀರು ಕೆಡಿಸಿದೆ, ಕಲ್ಲಿಗೆ ಅಂಟಿದ್ದೂ ಅದೇ.

“ಅಜ್ಜಿಗೆ ತೀರ್ಥದಿಂದ ಅನ್ಬೇಡಮ್ಮ. ಚೊಂಬಿಂದ ಅನ್ನು. ಅದೂ ನೀನೇ ಹೇಳು, ನಾನು ಹೇಳಿದ್ರೆ ಚಂದ ಕಾಣಲ್ಲ.”

ಆಗಸ್ಟ್ 16

ಹೇಳಲಿಲ್ಲ.

ಆಗಸ್ಟ್ 18, ಭಾನುವಾರ

ಅಮ್ಮನಿಗೆ ಹೇಳೋಣವೆಂದರೆ ಹಾಸ್ಟೆಲಿನ ಅಡುಗೆ ಮುಗಿಸಿ ಬರುವಾಗ ಕಣ್ಣೇ ಮುಚ್ಚಿರುತ್ತದೆ. ಸಿಟ್ಟಲ್ಲಿ ಏನಾದರೂ ಅಂದುಬಿಟ್ಟರೆ? ಮಗನ ಮಾತು ನೀನೇ ತೆಗೆದೆ — ಅಂದರೆ ಅಜ್ಜಿ ಉಳಿಯುವುದಿಲ್ಲ.

ನಾಳೆ ಸೋಮವಾರ. ಶೃಂಗೇರಿ, ಕಿಗ್ಗ ಎರಡೇ ಇವೆ. ಬಚ್ಚಲಿನಲ್ಲಿ ನಿಂತು ನಾಲ್ಕು ಸಲ ಹೇಳಿ ನೋಡಿದೆ. ‘ಅಜ್ಜೀ, ಚೊಂಬು...’

ಆಗಸ್ಟ್ 19, ಸೋಮವಾರ, ಸಂಜೆ

ದೀಪ ಹಚ್ಚಿ ಅಜ್ಜಿ ಚೊಂಬು ಹಿಡಿದು ಬಂದಳು. ತೊಟ್ಟಿಗೆ ಅಡ್ಡ ನಿಂತೆ. ಬಾಯಿಪಾಠ ಮಾಡಿದ್ದೆಲ್ಲ ಹೋಯಿತು. “ಚೊಂಬು, ಅಜ್ಜೀ. ಚೊಂಬಿಂದಲೇ. ತಾಮ್ರ. ತೀರ್ಥ ಅಲ್ಲ.”

“ಎಂತದೇ ಕೂಸೇ?”

ಮತ್ತೊಮ್ಮೆ ಹೇಳಿದೆ, ನಿಧಾನ. ಅಜ್ಜಿ ಚೊಂಬಿನೊಳಗೆ ಇಣುಕಿದಳು. ತೊಟ್ಟಿ ನೋಡಿದಳು.

“ಮೂರನ್ನೂ ನಾನೇ...”

“ನೀನಲ್ಲ. ಚೊಂಬು.”

“ಚೊಂಬಿಗೆ ಕೈ ಇದ್ಯಾ?”

ಅಲ್ಲೇ ಅಪ್ಪನ ಮಂಚದ ತುದಿಗೆ ಕೂತಳು. ಅಳಲೂ ಇಲ್ಲ. ಚೊಂಬನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೇ ಹಿಡಿದಿದ್ದಳು.

ಗೋಡೆಗೆ ತಿರುಗಿದ್ದ ಅಪ್ಪ ಹೊರಳಿದರು. ಎಡಗೈಯಿಂದ ಸತ್ತ ಬಲಗೈ ಎತ್ತಿ, ಅಂಗೈ ಮೇಲೆ ಮಾಡಿ ಅಜ್ಜಿಯ ಮುಂದೆ ಇಟ್ಟರು. ತೀರ್ಥಕ್ಕೆ ಹಿಡಿಯುವ ಹಾಗೆ.

“ಬೇಡ್ವೋ, ಕೆಮ್ಮು ಬರ್ತದೆ” ಅಂದಳು. ಕೈ ಇಳಿಯಲಿಲ್ಲ. ಓಡಿಹೋಗಿ ದೇವರ ಮುಂದಿದ್ದ ಬೆಳ್ಳಿ ಬಟ್ಟಲಿನ ನೀರು ತಂದೆ. ಅಜ್ಜಿ ಬೆರಳು ಅದ್ದಿ ಒಂದೇ ಹನಿ ನಾಲಿಗೆಗೆ ಸವರಿದಳು. ಕೆಮ್ಮು ಬರುತ್ತದೆಂದು ನಾನು ಬೆನ್ನು ಹಿಡಿದೆ. ಬರಲಿಲ್ಲ.

ಅಪ್ಪ ಅಂದರು — “ಇನ್ನೊಂದು.”

ಸ್ಟಾಪಿನ ಹೆಸರಲ್ಲ!

“ಎಂತ ಅಂದೆ? ಮಲ್ಲೇಶಾ, ಎಂತ ಅಂದ್ಯೋ?” ಅಜ್ಜಿ ಬಾಗಿದ ರಭಸಕ್ಕೆ ಬಟ್ಟಲು ಅರ್ಧ ಚೆಲ್ಲಿತು. ಅಪ್ಪ ಮತ್ತೆ ಬಾಯಿ ತೆರೆದಿದ್ದಾರಂತೆ, ಒಳಗಿಂದ ಅಜ್ಜಿ ಕರೆಯುತ್ತಿದ್ದಾಳೆ, ಬರೆಯುವುದು ಆಮೇ—