ಅಪ್ಪನ ಪಾಲು

ಅಪ್ಪಾ, ಇದನ್ನ ಯಾವ ಟಪಾಲಿಗೂ ಹಾಕಾಕ ಆಗೂದಿಲ್ಲ, ಆದ್ರೂ ಬರೀತೇನಿ.

ನೀ ತೀರಿಕೊಂಡ ಮ್ಯಾಲೆ ಇವತ್ತ ಮೊದಲನೇ ಪಂಚಮಿ. ಅವ್ವ ನಾಗಪ್ಪನ ಕಲ್ಲಿಗೆ ಹಾಲೆರ್ಯಾಕ ಕುಂತ್ಲು. ಯಾವಾಗಿನಂಗ ಒಣಕೊಬ್ಬರಿ ಬಟ್ಟಲದಾಗ ಬೆಲ್ಲದ ಚೂರಿಟ್ಟು, ದೇವರ ಪಾಲು, ಗುರುವಿನ ಪಾಲು ಅಂತ ಒಂದೊಂದ ಹೆಸರಿಗೆ ಎರಕೋತ ಬಂದ್ಲು. ಈ ಸಲ ನಿನ್ನ ಹೆಸರು ಹೇಳೂದಿಲ್ಲಂತ ನಾ ತಿಳಕೊಂಡಿದ್ನಿ. "ಅಪ್ಪನ ಪಾಲು" ಅಂದಾಕಿ ತಡದು, ಬಟ್ಟಲದಾಗಿನ ಬೆಲ್ಲ ತಗದು, ಬರೇ ಹಾಲು ಎರದ್ಲು.

"ಯಾಕಬೇ?" ಅಂತ ತಂಗಿ ಗುರುಲಿಂಗವ್ವ ಕೇಳಿದ್ಲು.

"ಸಿಹಿಮೂತ್ರದ ಬ್ಯಾನಿಗೆ ಬೆಲ್ಲ ಬ್ಯಾಡಂತ ಬಾಗಲಕೋಟಿ ಡಾಕ್ಟರು ಹೇಳ್ಯಾರಲ್ಲ," ಅಂದ್ಲು ಅವ್ವ.

ಕಡೀ ದಿನ ನೀ "ಒಂದ ಚೂರು ಬೆಲ್ಲ ಹಾಕ" ಅಂತ ಆಕಿನ್ನ ಕೇಳಿ, ಸಪ್ಪನ ಹಾಲಿನ ತಂಬಗಿ ದೂಡಿ, ಗ್ವಾಡಿ ಕಡೆ ಮಾರಿ ಮಾಡಿದ್ದು ನಮಗೆಲ್ಲಾ ನೆನಪೈತಿ.

ನಾವು ಎದ್ದು ಹೊಂಟ್ವಿ. ಹೊಳ್ಳಿ ನೋಡಿದ್ರ ಅವ್ವ ಅಲ್ಲೇ ಕುಂತಿದ್ಲು. ಉಳದ ಬೆಲ್ಲ ಎಲ್ಲಾ ಬಟ್ಟಲಕ್ಕ ಹಾಕಿ, ಹಾಲು ತುಂಬಿ, ಮತ್ತ ಎರ್ಯಾಕ ಹತ್ತಿದ್ಲು. ಯಾರ ಹೆಸರೂ ಹೇಳಲಿಲ್ಲ.