ಎಳೆದು ನೋಡದ ಹೆದೆ

ಮಿಹ್ರ್ ತಿಂಗಳು, ಹದಿನಾರನೆಯ ದಿನ. ಗಡಿಯ ಆಯುಧಾಗಾರ. ಸೈನ್ಯ ಮರಳಿ ಎಂಟು ದಿನವಾಯಿತು. ಸವಾರರಿಗೆ ಕೊಟ್ಟಿದ್ದ ಬಿಲ್ಲು, ಕವಚಗಳೆಲ್ಲ ಮತ್ತೆ ಒಳಗೆ ಬಂದಿವೆ.

ಪ್ರಿಯ ವಿಂದಾದ್,

ಇಂದು ಮಿಹ್ರಗಾನ್. ಕೊಟ್ಟ ಮಾತು ಕಾಯುವ ದೇವರ ಹಬ್ಬಕ್ಕೆ ನಾನು ಹೊರಗೆ ಹೋಗಲಿಲ್ಲ.

ಚಳಿಗಾಲದಲ್ಲಿ ಇಲ್ಲಿ ಮಾಡು ಸೋರಿ ಹೆದೆಗಳ ಒಂದು ಬುಟ್ಟಿ ನೆನೆಯಿತು. ನರದಿಂದ ಹೊಸೆದ ಹೆದೆ ನೆನೆದರೆ ಮುಗಿಯಿತು ಎಂದು ಉಗ್ರಾಣಿಯಾದ ನನಗೆ ಗೊತ್ತು. ಸೇನಾಪತಿಗೆ ತಿಳಿಸುವ ಬದಲು ಒಣಗಿಸಿ, ಮೇಣ ತಿಕ್ಕಿ, ಹೊಸದರಂತೆ ಸುತ್ತಿಟ್ಟೆ.

ಸೈನ್ಯ ಹೊರಡುವ ದಿನ ಪ್ರತಿ ಸವಾರನ ಬಳಿ ಎರಡು ಬಿಡಿ ಹೆದೆ ಇರಲೇಬೇಕಿತ್ತು. ಬಾಗಿಲಲ್ಲಿ ಎಲ್ಲರೂ ಎಳೆದು ನೋಡಿಯೇ ತೆಗೆದುಕೊಂಡರು. ಮುದುಕ ಜುರ್ವಾನ್ ಆ ನೆನೆದ ಬುಟ್ಟಿಯ ಒಂದು ಜೋಡಿಯನ್ನು ಎಳೆದವನೇ, "ಇದೇನಪ್ಪಾ, ನಿಮ್ಮಜ್ಜಿ ನೂತಿದ್ದಾ?" ಎಂದು ನನ್ನ ಮುಂದೆಯೇ ಎಸೆದ. ಉಳಿದಿದ್ದ ಒಂದೇ ಗಟ್ಟಿ ಜೋಡಿಯನ್ನು ಅವನಿಗೆ ಕೊಟ್ಟೆ. ಅವನು ಎಸೆದದ್ದನ್ನು ನಿನಗೆ ಕೊಟ್ಟೆ.

ನೀನು ಹೆದೆಗಳನ್ನು ಹೆಗಲಿಗೆ ಹಾಕಿಕೊಂಡು, "ನೀನು ಕೊಟ್ಟಿದ್ದನ್ನ ನಾನ್ಯಾಕೋ ನೋಡ್ಲಿ?" ಎಂದೆ. ಹಾಗೆಯೇ ಅನ್ನುತ್ತೀಯೆಂದು ನನಗೆ ಗೊತ್ತಿತ್ತು. ಅದಕ್ಕೇ ನಿನಗೆ ಕೊಟ್ಟದ್ದು. ಇದನ್ನು ಬರೆಯಲು ಎಂಟು ದಿನ ಬೇಕಾಯಿತು.

ನದಿಯ ಆಚೆ ನಿನ್ನ ಬಿಲ್ಲಿನ ಹೆದೆ ಕಡಿದಾಗ ಬಿಡಿ ಹೆದೆಗಳೆರಡೂ ಕೈಕೊಟ್ಟವಂತೆ. ಬರಿಗೈಯಲ್ಲಿ ಕುದುರೆ ತಿರುಗಿಸಿದ ನಿನ್ನನ್ನು ಹೇಡಿ ಎಂದರು. ಇಲ್ಲಿ ವಿಚಾರಣೆಯಲ್ಲಿ, ಹೆದೆಗಳನ್ನು ಹೊಳೆಯಲ್ಲಿ ಕಳೆದುಕೊಂಡೆ ಎಂದು ನೀನು ಹೇಳಿದೆ. ನೀನು ನಿಜ ಹೇಳಿದ್ದರೆ ಶಿಕ್ಷೆಯಾಗಿ ನನ್ನ ಬಲಗೈ ಕಡಿಯುತ್ತಿದ್ದರು. ನಿನ್ನ ಸವಾರ ಪದವಿಯ ಗುರುತಾದ ನಡುಪಟ್ಟಿಯನ್ನು ಎಲ್ಲರೆದುರು ಬಿಚ್ಚಿಸಿ, ಒಳಗಿಡಲು ನನ್ನ ಕೈಗೇ ಕೊಟ್ಟರು. ನಾನು ತೆಗೆದುಕೊಂಡೆ, ವಿಂದಾದ್. ಬಾಯಿ ಬಿಡಲಿಲ್ಲ.

ಹೊರಡುವಾಗ ನೀನು ಅಂಗಿಯ ತೋಳೊಳಗಿಂದ ಹೆದೆಯ ಕಡಿದ ತುಂಡುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟೆ. "ಮೇಣ ಚೆನ್ನಾಗಿ ತಿಕ್ಕಿದ್ದೆ ಕಣೋ ನೀನು," ಎಂದೆ. ನೀನು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ನಿನ್ನ ಹೆಂಡತಿಯ ಊರಲ್ಲಿ ಈಗ ಕುರಿ ಕಾಯುತ್ತಿರುವೆಯೆಂದು ಕೇಳಿದೆ. ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ನಾಳೆ ಬೆಳಿಗ್ಗೆ ಆಯುಧಾಗಾರ ಮುಚ್ಚಿಸಿ ಬಾಗಿಲಿಗೆ ಮುದ್ರೆ ಹಾಕಲು ಸೇನಾಪತಿ ಬರುತ್ತಾನೆ. ಅವನು ಮುದ್ರೆಯೊತ್ತುವ ಮೊದಲು ಆ ತುಂಡುಗಳನ್ನು ಮುಂದಿಟ್ಟು ಎಲ್ಲವನ್ನೂ ಹೇಳಬೇಕೆಂದು ನಿಶ್ಚಯಿಸಿದ್ದೇನೆ. ಇನ್ನೂ ಹೇಳಿಲ್ಲ. ಈ ಪತ್ರ ಮಾತ್ರ ಈಗಲೇ ಹೊರಡುತ್ತದೆ, ನಾಳೆ ನಾನು ಹಿಂಜರಿದರೆ ನಿನ್ನ ಕೈಯಲ್ಲಿ ಸಾಕ್ಷಿಯಿರಲಿ ಎಂದು.

ನಿನ್ನ ಮನೆಯ ಬೆಂಕಿ ಆರದಿರಲಿ.

ಬಲಗೈಯಲ್ಲಿ ಬರೆದವನು,
ಮಾಹ್ದಾದ್