ವಾಲದ ಒಲೆ

ಮೊಂಡಿ,

ನಾಳೆ ಮಗಳು ಮೊದಲ ಸಲ ಚಾರಣಕ್ಕೆ ಹೊರಡುತ್ತಾಳೆ. ಇವತ್ತು ಗ್ಯಾಸ್ ಒಲೆ ಕೊಳ್ಳಲು ಹೋಗಿದ್ದೆವು. ಅಂಗಡಿಯವನು ಅಂಗೈಯಲ್ಲಿ ಅಡಗುವಂಥದ್ದೊಂದನ್ನು ತೋರಿಸಿದ. ಅದರ ಮೇಲೆ ನೀರು ತುಂಬಿದ ಪಾತ್ರೆಯಿಟ್ಟು ಬೆರಳಿನಿಂದ ತಳ್ಳಿದೆ. ವಾಲಿತು.

"ಮೇಡಂ, ಹಂಗೆ ತಳ್ಳಿದ್ರೆ ನಾನೂ ಬೀಳ್ತೀನಿ," ಎಂದು ಅವನು ನಕ್ಕ.

ಅಗಲ ಕಾಲಿನ, ಎರಡು ಪಟ್ಟು ಭಾರದ ಒಲೆಯನ್ನು ಆರಿಸಿದೆ.

"ಹೊರೋಳು ನಾನಮ್ಮ, ನೀನಲ್ಲ. ಯಾಕಿಷ್ಟು ಹೆದರ್ತೀಯಾ?" ಎಂದಳು ಮಗಳು.

ನಾವಿಬ್ಬರು ಗೆಳತಿಯರು ಚಾರಣಕ್ಕೆ ಹೋದಾಗ ಸುಟ್ಟ ನಿನ್ನ ಕೈಯ ಕಥೆ ಹೇಳಿದೆ. ನೆಲ ಸಮವಿರಲಿಲ್ಲ, ಒಲೆ ಮಗುಚಿತು ಎಂದು ಅಂದು ನಿನಗೆ ಹೇಳಿದ್ದನ್ನೇ ಅವಳಿಗೂ ಹೇಳಿದೆ. ನೀನು ಕೊನೆಯುಸಿರಿನವರೆಗೂ ಆ ನೆಲವನ್ನೇ ಬೈದೆ.

"ಉರಿಯೋ ಒಲೇನ ಯಾವತ್ತೂ ದಾಟಬೇಡ ಕಣೇ," ಎಂದೆ. ಅಂದು ದಾಟುವಾಗ ಕಾಲು ತಾಗಿಸಿ ಒಲೆ ಮಗುಚಿದವಳು ನಾನೇ ಎಂಬ ಮಾತು ಬಾಯಿಯವರೆಗೆ ಬಂದು ಅಲ್ಲೇ ನಿಂತಿತು.